ಐತವಾರದ ಕೆಲಸ: ಅಕ್ಕಾದಿಂದ ಪೆಕ್ಕೊಗೆ

ಎಲ್ಲರಿಗೂ ಶರಣ್ರಿ. ಇನ್ನೂ ಅಕ್ಕಾ (Akka, ಜಾವಾ-ಸ್ಕಾಲಾದಾಗ ಹಲವು ಯಂತ್ರದ ಮ್ಯಾಲೆ ಓಡೋ ಪ್ರೋಗ್ರಾಂ ಬರೆಯೋ ಟೂಲ್‌ಕಿಟ್) 2.6 ಮೇಲೆ ಪ್ರಾಜೆಕ್ಟ್ ಇಟ್ಕೊಂಡವರಿಗೆ ಈ ಸೂಚನೆ. ಐತವಾರ ಮುಂಜಾನೆ 10ಕ್ಕೆ ಸೂಪರ್ ಮಾರ್ಕೆಟ್ ಹತ್ರ ನಮ್ಮ ಮಾಮೂಲಿ ಜಾಗಕ್ಕೆ ಲ್ಯಾಪ್‌ಟಾಪ್ ತಗೊಂಡು ಬರ್ರಿ, ಕೂಡೇ ಅಪಾಚೆ ಪೆಕ್ಕೊಗೆ ಬದಲಿಸೋಣ.

2022ರ ಸೆಪ್ಟೆಂಬರ್‌ನಾಗ ಅಕ್ಕಾ ಲೈಸೆನ್ಸ್ ಬದಲಾಯ್ತು, 2.7ರಿಂದ ಬಿಸಿನೆಸ್ ಸೋರ್ಸ್ ಲೈಸೆನ್ಸ್, ಅಂದ್ರ ಕೋಡ್ ನೋಡಬಹುದು, ಆದ್ರ ಮೊದಲಿನಂಗ ಮುಕ್ತವಾಗಿ ಬಳಸಂಗಿಲ್ಲ. ಪೆಕ್ಕೊ ಅದರ ಹಿಂದಿನ 2.6 ಕೋಡಿನಿಂದ ಸಮುದಾಯ ಒಡೆಸಿದ ಕವಲು, ಹಂಗಾಗಿ ಹೆಸರು ಬದಲಿಸೋದೇ ದೊಡ್ಡ ಕೆಲಸ.

ಬರೋ ಮುಂಚೆ 2.6ರ ಕೊನೇ ಆವೃತ್ತಿಗೆ ಏರಿಸಿ ಟೆಸ್ಟ್ ಓಡಿಸ್ರಿ, ಗಿಟ್‌ನಾಗ ಬೇರೆ ಬ್ರಾಂಚ್ ಮಾಡ್ರಿ. ಡಿಪೆಂಡೆನ್ಸಿ (ಪ್ರಾಜೆಕ್ಟ್ ಬಳಸೋ ಹೊರಗಿನ ಲೈಬ್ರರಿ) ಹೆಸರು, ಇಂಪೋರ್ಟ್, ಕಾನ್ಫಿಗ್ ಮೂರೂ ಕಡೆ ಬದಲಿಸಬೇಕು. ಇಂಪೋರ್ಟ್‌ಗೆ ‘ಅಕ್ಕಾ’ ಬದಲು ‘ಆರ್ಗ್.ಅಪಾಚೆ.ಪೆಕ್ಕೊ’, ತಪ್ಪಿದ್ರ ಕಂಪೈಲರ್ರೇ ಬೈತದ. ಕಾನ್ಫಿಗ್ ಫೈಲಿನಾಗ ಹಳೇ ‘ಅಕ್ಕಾ’ ಬ್ಲಾಕ್ ಉಳಿದ್ರ ಯಾರೂ ಬೈಯಂಗಿಲ್ಲ, ನಿಮ್ಮ ಸೆಟ್ಟಿಂಗ್ ಬಿಟ್ಟು ಡೀಫಾಲ್ಟ್ ಹಿಡಿದು ಸುಮ್ನೆ ಓಡ್ತದ. ಇದೇ ಹೆಚ್ಚು ಕಾಡೋದು. ನೋಡ್‌ಗಳು (ಪ್ರೋಗ್ರಾಂ ಓಡೋ ಬೇರೆ ಬೇರೆ ಯಂತ್ರ) ತಮ್ಮೊಳಗ ಮಾತಾಡೋ ಡೀಫಾಲ್ಟ್ ರಿಮೋಟಿಂಗ್ ಪೋರ್ಟೂ 25520 ಹೋಗಿ 17355 ಆಗ್ಯದ. ಫೈರ್‌ವಾಲ್ ತೆರೀದಿದ್ರ ನೋಡ್‌ಗಳು ಒಂದಕ್ಕೊಂದು ಸಿಗಂಗಿಲ್ಲ.

ಬರೋರು ಡಿಪೆಂಡೆನ್ಸಿ ಪಟ್ಟಿ ಶುಕ್ರವಾರ ರಾತ್ರಿಯೊಳಗ ಇಲ್ಲೇ ಹಾಕ್ರಿ. ಅಕ್ಕಾ ಮ್ಯಾಲೆ ನಿಂತ ಬೇರೆ ಲೈಬ್ರರಿಗೆ ಪೆಕ್ಕೊ ಆವೃತ್ತಿ ಅದಾವೋ ಇಲ್ಲೋ ಮೊದಲೇ ನೋಡಬೇಕು. ಪಾಸ್‌ವರ್ಡ್ ಇರೋ ಫೈಲ್ ಮಾತ್ರ ಹಾಕಬ್ಯಾಡ್ರಿ.