ಆ ಮುಳ್ಳೆಲೆ ಕಟ್ಟಿದ್ದು ಯಾರು ಅಂತ ಕೇಳಿದ್ದೆಯಲ್ಲ

ಚಿ. ಸೌ. ಪುಟ್ಟಿಗೆ, ದೊಡ್ಡಜ್ಜಿಯ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಊರಿನ ಸುದ್ದಿ, ಮನೆ ರಿಪೇರಿ, ನಿನ್ನ ತಮ್ಮನ ಓದು ಎಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನು ಮತ್ತೆ ಬರೆಯುವುದಿಲ್ಲ. ಅಷ್ಟುದ್ದದ ಕಾಗದದ ನಡುವೆ ನೀನು ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. "ಇಲ್ಲಿನವರು ನನಗೇನೋ ಮಾಟ ಮಾಡಿಸಿದ್ದಾರೆ ಅನ್ನಿಸ್ತಿದೆ ದೊಡ್ಡಜ್ಜಿ, ಅಮ್ಮನಿಗೆ ಹೇಳಬೇಡಿ." ಉಳಿದದ್ದನ್ನೂ ಓದಿದೆ, ಆದರೆ ಯಾವುದೂ ತಲೆಗೆ ಹೋಗಲಿಲ್ಲ. ಏಳು ತಿಂಗಳ ಬಸುರಿ ಮಲೇಷ್ಯಾದಂಥ ಪರದೇಶದಲ್ಲಿ ಕೂತು ಹೀಗೆ ಬರೆದರೆ ನನಗೆ ನಿದ್ದೆ ಎಲ್ಲಿಂದ ಬರಬೇಕು?

ಮೊದಲು ನಿನ್ನ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಹಿಂದಿನ ಕಿಟಕಿಯ ಗ್ರಿಲ್‌ಗೆ ಉದ್ದನೆಯ ಮುಳ್ಳಿನ ಎಲೆ ದಾರದಲ್ಲಿ ಕಟ್ಟಿತ್ತು, ಕಿತ್ತು ಬಿಸಾಕಿದೆ, ಅವತ್ತಿನಿಂದ ನಿದ್ದೆ ಇಲ್ಲ ಅಂದೆಯಲ್ಲ. ನೀನು ಬರೆದ ರೀತಿ ನೋಡಿದರೆ ಅದು ಮೆಂಗ್ಕುವಾಂಗ್ ಎಲೆ. ನಮ್ಮ ಕೇದಗೆಯ ಜಾತಿ. ಅಂಚಿನಲ್ಲಿ ಗರಗಸದ ಹಾಗೆ ಮುಳ್ಳು. ಆ ಮುಳ್ಳು ತೆಗೆದು, ಎಲೆ ಸೀಳಿ ಒಣಗಿಸಿ ಅಲ್ಲಿನ ಮಲಯ್ ಜನ ಚಾಪೆ ಹೆಣೆಯುತ್ತಾರೆ. ಮುಳ್ಳು ಇದ್ದ ಹಾಗೇ ಕಟ್ಟುವುದು ಬಸುರಿ ಇರುವ ಮನೆಗೆ, ಅವಳನ್ನು ಕಾಯುವುದಕ್ಕೆ.

ಯಾರಿಂದ ಕಾಯುವುದಕ್ಕೆ ಅಂತ ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ನಾನು ಹೇಳದಿದ್ದರೂ ನೀನು ಫೋನಿನಲ್ಲಿ ಹುಡುಕಿಯೇ ಹುಡುಕುತ್ತೀಯ. ಪೆನಂಗ್ಗಾಲನ್ ಅಂತ ಒಂದು ಹೆಣ್ಣು ಭೂತ ಉಂಟು ಎನ್ನುತ್ತಾರೆ. ಬರೀ ತಲೆ, ಕೆಳಗೆ ಕರುಳು ನೇತಾಡುತ್ತಿರುತ್ತದಂತೆ, ಹೆರಿಗೆ ಮನೆಗೆ ರಕ್ತಕ್ಕಾಗಿ ಬರುತ್ತದಂತೆ. ಮುಳ್ಳಿಗೆ ಕರುಳು ಸಿಕ್ಕಿಕೊಳ್ಳುತ್ತದೆ ಅಂತ ಅದು ಆ ಮನೆಯ ಹತ್ತಿರ ಸುಳಿಯುವುದಿಲ್ಲ. ಅಷ್ಟೇ ಕಥೆ. ಯಾರೋ ನಿನ್ನ ಹೊಟ್ಟೆ ನೋಡಿದ್ದಾರೆ. ಅಮ್ಮ, ಅತ್ತೆ ಯಾರೂ ಹತ್ತಿರ ಇಲ್ಲದ ಹುಡುಗಿ ಅಂದುಕೊಂಡಿದ್ದಾರೆ. ಮುಳ್ಳು ಚುಚ್ಚಿಸಿಕೊಂಡು ಎಲೆ ಕೊಯ್ದು ತಂದು ಕಟ್ಟಿದ್ದಾರೆ. ನನಗೆ ಅನ್ನಿಸುವುದು ಪಕ್ಕದ ಮನೆಯ ಆ ಮಕ್ ಚಿಕ್ಕೇ, ಅಂದರೆ ಆ ಚಿಕ್ಕಮ್ಮನೇ ಅಂತ. ನೀನು ಹೆದರಿಕೊಂಡಿರುವುದೂ ಅವರಿಗೇ ಅಲ್ವಾ?

ಇಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀರಿ ಅನ್ನಬಹುದು. 1970ರ ದಶಕದಲ್ಲಿ ನಾವೂ ಅಲ್ಲೇ, ಕೆಡಾ ರಾಜ್ಯದ ಅಲೋರ್ ಸೆತಾರ್ ಊರಿನ ಪಕ್ಕದ ಹಳ್ಳಿಯಲ್ಲಿದ್ದೆವು. ನಿಮ್ಮ ದೊಡ್ಡಜ್ಜ ಸರ್ಕಾರಿ ಡಾಕ್ಟರು. ಕಂಬದ ಮೇಲೆ ನಿಂತ ನಮ್ಮ ಮನೆಯ ಅಡಿಯಲ್ಲಿ, ನಾನು ಮಲಗುವ ಕೋಣೆಯ ನೇರ ಕೆಳಗೆ, ಇದೇ ಎಲೆ ಕಟ್ಟಿದ್ದರು. ನನ್ನ ಮೊದಲ ಮಗು ಆಗ ಹೊಟ್ಟೆಯಲ್ಲಿತ್ತು. ಕಟ್ಟಿದ್ದು ಯಾರು ಅಂತ ನನಗೆ ಹುಡುಕಬೇಕಾಗಲಿಲ್ಲ. ಎದುರು ಮನೆಯ ಮಕ್ ಚಿಕ್ ನನ್ನ ಕಣ್ಣೆದುರಿಗೇ ಬಗ್ಗಿ ಕಟ್ಟಿದರು. ನಿನಗೆ ಯಾರೂ ಹೇಳದೆ ಕಟ್ಟಿದ್ದು ತಪ್ಪೇ. ಭಾಷೆ ಬರದ ಹುಡುಗಿಗೆ ಹೇಗೆ ಹೇಳುವುದು ಅಂತ ಸುಮ್ಮನಾಗಿರಬಹುದು.

ನನ್ನ ಅಮ್ಮನಿಗೆ ಬಾಣಂತನಕ್ಕೆ ಬರಲಾಗಲಿಲ್ಲ. ಆ ಕಾಲದಲ್ಲಿ ಪಾಸ್‌ಪೋರ್ಟು, ಟಿಕೆಟ್ಟು ಎಲ್ಲ ನಮ್ಮಂಥವರಿಗೆ ದೊಡ್ಡ ಮಾತು. ಬಾಣಂತನ ಮಾಡಿದ್ದು ಮಕ್ ಚಿಕ್. ಕಲ್ಲು ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಶಾಖ ಕೊಟ್ಟರು. ಉದ್ದನೆ ಬಟ್ಟೆಯಿಂದ ಹೊಟ್ಟೆ ಬಿಗಿದು ಕಟ್ಟಿದರು. ತಣ್ಣನೆಯದು ಮುಟ್ಟಬಾರದು, 44 ದಿನ ಮನೆ ಬಿಟ್ಟು ಹೋಗಬಾರದು. ನನ್ನಮ್ಮ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದಳು. ಮಗುವಿನ ದಿಂಬಿನ ಕೆಳಗೆ ಕುಡುಗೋಲು ಇಡುತ್ತಿದ್ದಳು, ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸುತ್ತಿದ್ದಳು. ನಿನ್ನ ಅಮ್ಮ ಹುಟ್ಟಿದಾಗ ನಮ್ಮ ಮನೆಯಲ್ಲೇ ಮಾಡಿದ್ದಾರೆ. ಅದನ್ನು ಕಂಡು ಯಾರೂ ಮಾಟ ಅನ್ನಲಿಲ್ಲ.

ಏಳನೇ ತಿಂಗಳಲ್ಲಿ ಅವರಲ್ಲೂ ಒಂದು ಶಾಸ್ತ್ರ ಇದೆ. ಮೆಲೆಂಗ್ಗಾಂಗ್ ಪೆರುತ್ ಅನ್ನುತ್ತಾರೆ. ಏಳು ಬಟ್ಟೆ ಹಾಸಿ ಬಸುರಿಯನ್ನು ಮಲಗಿಸುತ್ತಾರೆ. ಸೂಲಗಿತ್ತಿ, ಅಂದರೆ ಅವರ ಬಿದಾನ್, ಒಂದು ತೆಂಗಿನಕಾಯಿಯನ್ನು ಹೊಟ್ಟೆಯ ಮೇಲೆ ಮೆಲ್ಲಗೆ ಉರುಳಿಸುತ್ತಾಳೆ. ನನಗೂ ಮಾಡುತ್ತೇನೆ ಅಂದರು. ನಿಮ್ಮ ದೊಡ್ಡಜ್ಜ, ಉರುಳಿಸಲಿ, ಹೊಟ್ಟೆ ಒತ್ತುವುದು ಮಾತ್ರ ಬೇಡ ಅಂದರು. ನಿನಗೂ ಅದನ್ನೇ ಹೇಳುತ್ತೇನೆ. ಜಾಮು ಅಂತ ಗಿಡಮೂಲಿಕೆ ಕುಡಿಯಲು ಕೊಟ್ಟರೆ ಕ್ಲಿನಿಕ್ಕಿನಲ್ಲಿ ಕೇಳದೆ ಕುಡಿಯಬೇಡ. ಕೊಟ್ಟವರ ಮೇಲೆ ಅನುಮಾನ ಪಟ್ಟು ಹೇಳುವುದಲ್ಲ ಇದು. ಬಸುರಿಯಲ್ಲಿ ಯಾವ ಮದ್ದನ್ನೂ ಹಾಗೆ ಕುಡಿಯಬಾರದು.

ನೀನು ಬರೆದ ಇನ್ನೊಂದು ಮಾತು. ಅಳಿಯಂದಿರ ಆಫೀಸಿನವರ ಹೆಂಡತಿ ಯಾರೋ ಬೊಮೊ, ಸಂತಾವ್ ಅಂತೆಲ್ಲ ಹೇಳಿ ಹೆದರಿಸಿದರು ಅಂದೆಯಲ್ಲ. ಬೊಮೊ ಇದ್ದಾರೆ, ನಿಜ. ನಮ್ಮಲ್ಲಿ ಮಂತ್ರ ಹಾಕುವವರು ಇಲ್ವಾ? ಜ್ವರ ಬಂದರೆ ಬೊಮೊ ಹತ್ತಿರ ಹೋಗಿ, ಅಲ್ಲಿಂದ ನೇರ ನಿಮ್ಮ ದೊಡ್ಡಜ್ಜನ ಹತ್ತಿರ ಬರುತ್ತಿದ್ದರು. ಆಹಾರದಲ್ಲಿ ಏನೋ ಬೆರೆಸಿ ಕೊಡುತ್ತಾರೆ ಅನ್ನುವ ಸಂತಾವಿನ ಕಥೆಯನ್ನು ನಾನೂ ಕೇಳಿದ್ದೇನೆ. ಹೇಳಿದವರೆಲ್ಲ ಇನ್ನೊಬ್ಬರಿಂದ ಕೇಳಿದವರೇ. ಅಲ್ಲಿನ ಇಮಾಮರು ಕೂಡ ಇಂಥ ಮಾಟಮಂತ್ರವನ್ನು ಒಪ್ಪುವುದಿಲ್ಲ, ಪಾಪ ಅಂತಲೇ ಹೇಳುತ್ತಾರೆ. ಆದರೂ ಜನ ನಂಬುತ್ತಾರೆ. ಅದು ನನಗೆ ಗೊತ್ತು, ಮುಚ್ಚಿಟ್ಟು ನಿನಗೆ ಸಮಾಧಾನ ಹೇಳುವುದಿಲ್ಲ.

ಎಲ್ಲ ನಂಬಿಕೆಯಿಂದಲೂ ಕೇಡಿಲ್ಲ ಪುಟ್ಟಿ. ಮುಸ್ಸಂಜೆ ಮಕ್ಕಳು ಕಣ್ಣಾಮುಚ್ಚಾಲೆ ಆಡಿದರೆ ಹಂತು ಕೊಪೆಕ್ ಅನ್ನುವ ಹೆಣ್ಣು ಭೂತ ಎತ್ತಿಕೊಂಡು ಹೋಗುತ್ತದೆ ಅಂತಾರೆ. ಮಕ್ಕಳು ಕತ್ತಲಾಗುವ ಮೊದಲೇ ಮನೆ ಸೇರುತ್ತವೆ. ಬಸುರಿ ಮೆಟ್ಟಿಲ ಮೇಲೆ ಕೂರಬಾರದು ಅಂತಾರೆ. ಕಾಡಿಗೆ ಕಾಲಿಡುವಾಗ "ಅಜ್ಜ, ಅಜ್ಜಿ, ದಾರಿ ಕೊಡಿ" ಅಂತ ಕೇಳುತ್ತಾರೆ. ಬತ್ತದ ತೆನೆ ಕೊಯ್ಯಲು ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕ ಕತ್ತಿ ಇತ್ತು. ಕತ್ತಿ ಕಂಡರೆ ಬತ್ತದೊಳಗಿನ ಜೀವ ಹೆದರಿ ಓಡಿಹೋಗುತ್ತದೆ ಅಂತ. ಒಂದೊಂದೇ ತೆನೆ, ಸದ್ದಿಲ್ಲದೆ ಕೊಯ್ಯುವುದು. ನಾನು ಹೋಗುವ ಹೊತ್ತಿಗಾಗಲೇ ಎಲ್ಲರ ಕೈಗೂ ಕುಡುಗೋಲು ಬಂದಿತ್ತು. ಮುದುಕಿಯರು ಮಾತ್ರ ಆ ಕತ್ತಿಯನ್ನು ತೆಗೆದು ತೋರಿಸುತ್ತಿದ್ದರು.

ಕೇಡು ಬರುವುದು ಆ ನಂಬಿಕೆ ಒಬ್ಬ ಮನುಷ್ಯರ ಕಡೆ ಬೆರಳು ತೋರಿಸಿದಾಗ. "ಇವಳೇ ಮಾಡಿದ್ದು" ಅಂದಾಗ. ನಿನ್ನ ಸಾಲು ಓದಿ ನನ್ನ ಹೊಟ್ಟೆ ಕಿವುಚಿದ ಹಾಗಾಗಿದ್ದು ಅದಕ್ಕೇ.

ನಮ್ಮ ಹಳ್ಳಿಯ ಕಾಲುವೆ ಕಡೆ ಒಬ್ಬ ವಿಧವೆ ಇದ್ದಳು. ಮಕ್ಕಳಿಲ್ಲ. ಅವಳು ಪೆಲೆಸಿತ್ ಸಾಕಿದ್ದಾಳೆ ಅಂತ ಮಾತು. ಪೆಲೆಸಿತ್ ಅಂದರೆ ಮಿಡತೆಯ ರೂಪದ ಒಂದು ಕ್ಷುದ್ರ. ಯಾವುದೋ ಮಗುವಿಗೆ ಫಿಟ್ಸ್ ಬಂದಿತ್ತಂತೆ, ಅವತ್ತು ಅವಳು ಆ ದಾರಿಯಲ್ಲಿ ಹೋಗಿದ್ದಳಂತೆ. ಅಷ್ಟು ಸಾಕಾಯಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿಬಿಟ್ಟರು. ಅವಳು ಕೊಟ್ಟದ್ದನ್ನು ತಿನ್ನುವುದನ್ನು ನಿಲ್ಲಿಸಿಬಿಟ್ಟರು.

ಅದೇ ಜನ ಹೇಗಿದ್ದರು ಅಂತ ನೀನು ನೋಡಬೇಕಿತ್ತು. ಒಂದು ಸಲ ಒಬ್ಬನ ಮನೆಯನ್ನು ರಸ್ತೆ ಪಕ್ಕದ ಜಾಗಕ್ಕೆ ಸಾಗಿಸಬೇಕಾಯಿತು. ಮರದ ಮನೆ, ಕಂಬದ ಮೇಲೆ ನಿಂತದ್ದು. ಒಳಗಿನ ಸಾಮಾನು ತೆಗೆದರು. ಕೆಳಗೆ ಅಡ್ಡಡ್ಡ ಉದ್ದನೆ ಗಳ ಕಟ್ಟಿದರು. ಇಮಾಮರು ಪ್ರಾರ್ಥನೆ ಹೇಳಿದರು. ಊರಿನ ಗಂಡಸರೆಲ್ಲ ಗಳಕ್ಕೆ ಹೆಗಲು ಕೊಟ್ಟರು. ಒಬ್ಬ ಕೂಗಿ ಲೆಕ್ಕ ಹೇಳಿದ. ಮನೆ ಚಾವಣಿ ಸಮೇತ ಮೇಲೆದ್ದು ಗದ್ದೆಯ ಮೇಲೆ ನಡೆದುಕೊಂಡು ಹೋಯಿತು! ನಾನು ಬಾಯಿಬಿಟ್ಟುಕೊಂಡು ನೋಡಿದೆ. ಕೂಲಿ ಅಂತ ಯಾರೂ ಒಂದು ಕಾಸು ತೆಗೆದುಕೊಳ್ಳಲಿಲ್ಲ. ಊಟ ಹಾಕಿದರು, ಅಷ್ಟೇ. ಹೀಗೆ ಎಲ್ಲರೂ ಸೇರಿ ದುಡಿಯುವುದಕ್ಕೆ ಗೋತೊಂಗ್ ರೊಯೊಂಗ್ ಅಂತ ನಿನಗೂ ಅಲ್ಲಿ ಬೋರ್ಡಿನ ಮೇಲೆಲ್ಲ ಕಂಡಿರುತ್ತದೆ. ನಾನು ಕಣ್ಣಿಂದ ಕಂಡಿದ್ದೇನೆ. ಮದುವೆಯ ಕೆಂದುರಿ, ಅಂದರೆ ಔತಣ ಇದ್ದರೆ ಹಿಂದಿನ ರಾತ್ರಿಯೇ ಇಡೀ ಹಳ್ಳಿ ಅಲ್ಲಿ. ಗಂಡಸರು ದೊಡ್ಡ ಕೊಪ್ಪರಿಗೆಯಲ್ಲಿ ಸಾರು ಕುದಿಸುತ್ತಾರೆ, ಹೆಂಗಸರು ಬುಟ್ಟಿಗಟ್ಟಲೆ ಈರುಳ್ಳಿ ಹೆಚ್ಚುತ್ತಾರೆ.

ಮನೆ ಹೊತ್ತ ಆ ಗಂಡಸರಲ್ಲಿ ಒಬ್ಬನೂ ಆ ವಿಧವೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ನಮ್ಮ ಮಕ್ ಚಿಕ್ ಮಾತ್ರ ಹೋಗುತ್ತಿದ್ದರು, ಅಕ್ಕಿ, ಒಣಮೀನು ತೆಗೆದುಕೊಂಡು. ಆಮೇಲೆ ಅವಳು ತೀರಿಕೊಂಡಳು. ಅವತ್ತು ಊರೆಲ್ಲ ಬಂತು. ಹೆಂಗಸರು ಸ್ನಾನ ಮಾಡಿಸಿದರು, ಗಂಡಸರು ಗುಂಡಿ ತೋಡಿದರು, ಎಲ್ಲರೂ ಕೈಲಾದಷ್ಟು ದುಡ್ಡು ಹಾಕಿದರು. ಸುರಾವಿನಲ್ಲಿ, ಅಂದರೆ ಊರಿನ ಸಣ್ಣ ಪ್ರಾರ್ಥನಾ ಮನೆಯಲ್ಲಿ, ಪ್ರಾರ್ಥನೆ ಆಯಿತು. ಬದುಕಿದ್ದಾಗ ಒಂದು ಸಂಜೆ ಜೊತೆ ಕೂರಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಚುಚ್ಚುತ್ತದೆ.

ನೀನು ಪಕ್ಕದ ಮನೆಯವರ ತಟ್ಟೆ ವಾಪಸ್ ಕಳಿಸಿದೆ ಅಂತ ಬರೆದಿದ್ದೀಯ. ಅವರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತೇನೆ ಅಂತಲೂ ಬರೆದಿದ್ದೀಯ. ನಿನ್ನನ್ನು ಬೈಯುತ್ತಿಲ್ಲ ಮಗಳೇ. ಬಸುರಿಯಲ್ಲಿ ಮನಸ್ಸು ಇಲ್ಲದ್ದನ್ನೆಲ್ಲ ಕಾಣುತ್ತದೆ. ಅದರಲ್ಲೂ ಅಳಿಯಂದಿರು ಕುಲಿಂನ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡುವಾಗ ನೀನೊಬ್ಬಳೇ. ಆದರೂ ಆ ವಿಧವೆಯ ನೆನಪು ಬಂದುಬಿಟ್ಟಿತು. ಅವಳ ತಟ್ಟೆಯೂ ಹೀಗೇ ವಾಪಸ್ ಹೋಗುತ್ತಿತ್ತು.

ಅವರ ಅಡುಗೆ ತಿನ್ನಲೇಬೇಕು ಅಂತ ನಾನು ಹೇಳುವುದಿಲ್ಲ. ನೀನು ಸಸ್ಯಾಹಾರಿ, ಅವರ ಸೊಪ್ಪಿನ ಪಲ್ಯದಲ್ಲೂ ಸಿಗಡಿಯ ಬೆಲಾಚಾನ್ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿಬಿಡು, ಅವರಿಗೆ ಅರ್ಥವಾಗುತ್ತದೆ. ಪಥ್ಯ ಅಂದರೆ ಅವರಷ್ಟು ತಿಳಿದವರು ಬೇರೆ ಯಾರಿದ್ದಾರೆ? ಅವರು ನಿನ್ನ ಪಾತ್ರೆಯ ಅಡುಗೆ ತಿನ್ನಲು ಹಿಂಜರಿದರೆ ನೀನೂ ನೊಂದುಕೊಳ್ಳಬೇಡ, ಹಲಾಲ್ ವಿಷಯ. ಹಣ್ಣು ಕೊಡು. ಬಲಗೈಯಲ್ಲಿ ಕೊಡು. ಇಷ್ಟು ಸಣ್ಣದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ, ನಿನಗೆ ಗೊತ್ತಿರುತ್ತದೆ.

ಎಲೆ ಕಿತ್ತು ಬಿಸಾಕಿದ್ದನ್ನು ಮುಚ್ಚಿಡಬೇಡ. ಗೊತ್ತಿರಲಿಲ್ಲ ಮಕ್ ಚಿಕ್, ಹೆದರಿಕೊಂಡೆ ಅಂತ ಹೇಳು. ಇನ್ನೊಂದು ಕಟ್ಟಿದರೆ ಇರಲಿ ಬಿಡು. ನಂಬಬೇಕಾಗಿಲ್ಲ. ಎಲೆ ತನ್ನಷ್ಟಕ್ಕೆ ಒಣಗುತ್ತದೆ. ನಿಜಕ್ಕೂ ಮಗುವನ್ನು ಕಾಯುವುದು ನಿನ್ನ ಚೆಕಪ್ಪು. ಆ ಗುಲಾಬಿ ಬಣ್ಣದ ಪುಸ್ತಕ ಕೊಟ್ಟಿದ್ದಾರಲ್ಲ, ಅದರ ತಾರೀಖು ಒಂದೂ ತಪ್ಪಿಸಬೇಡ. ಹೆದರಿಕೆ ವಿಷಯ, ನಿದ್ದೆ ಇಲ್ಲದ ವಿಷಯ ಅಲ್ಲಿನ ನರ್ಸಿಗೂ ಹೇಳು. ಅದೂ ಆರೋಗ್ಯದ ಮಾತೇ. ಅಳಿಯಂದಿರಿಗೆ ಹೇಳಿದ್ದೀಯೋ ಇಲ್ಲವೋ ನೀನು ಬರೆದಿಲ್ಲ. ಹೇಳಿಲ್ಲ ಅಂತ ನನ್ನ ಗುಮಾನಿ.

ನಾವು ಕೆಡಾ ಬಿಟ್ಟು ಬಂದಮೇಲೆ ಅಲ್ಲಿ ತುಂಬ ಬದಲಾಯಿತು. ಮುಡಾ ನೀರಾವರಿ ಕಾಲುವೆಯಿಂದ ವರ್ಷಕ್ಕೆ ಎರಡು ಬೆಳೆ ನಾವಿದ್ದಾಗಲೇ ಬಂದಿತ್ತು, ಆಮೇಲೆ ಕೊಯ್ಲಿನ ಯಂತ್ರ ಬಂತು. ಇವತ್ತು ನಿನ್ನ ಗದ್ದೆ, ನಾಳೆ ನನ್ನ ಗದ್ದೆ ಅಂತ ಒಬ್ಬರಿಗೊಬ್ಬರು ಮುಯ್ಯಾಳು ಹೋಗುತ್ತಿದ್ದರು, ಬೆರ್ದೆರಾವ್ ಅಂತ. ಅದು ಕಡಿಮೆಯಾಗುತ್ತಾ ಹೋಯಿತು. ಭೂತಗಳು ಮಾತ್ರ ಎಲ್ಲೂ ಹೋಗಲಿಲ್ಲ ನೋಡು. ಮಕ್ ಚಿಕ್ ತೀರಿಕೊಂಡ ಸುದ್ದಿ ನಮಗೆ ತಿಂಗಳುಗಳ ಮೇಲೆ ಕಾಗದದಲ್ಲಿ ಬಂತು. ಅವರಿಗೆ ಒಂದು ಮೈಸೂರು ರೇಷ್ಮೆ ಸೀರೆ ಕಳಿಸಬೇಕು ಅಂತ ನನ್ನಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ಕಳಿಸುವುದಾಗಲೇ ಇಲ್ಲ. ನನ್ನ ಮಗುವಿಗೆ ಮೊದಲ ಸ್ನಾನ ಮಾಡಿಸಿದ ಕೈ ಅದು.

ನಿನ್ನ ಹೆದರಿಕೆ ಒಂದು ಕಾಗದಕ್ಕೆ ಹೋಗುವುದಿಲ್ಲ ಅಂತ ನನಗೆ ಗೊತ್ತು. ರಾತ್ರಿ ಮತ್ತೆ ಬರುತ್ತದೆ, ಕಿಟಕಿ ಕಡೆ ನೋಡುತ್ತೀಯ. ಆಗ ಪಕ್ಕದ ಮನೆಯ ದೀಪ ಉರಿಯುತ್ತಿದೆಯಾ ನೋಡು. ನೋವು ಶುರುವಾದ ರಾತ್ರಿ ಅಳಿಯಂದಿರು ಪಾಳಿಯಲ್ಲಿದ್ದರೆ ಕಾರು ತೆಗೆದು ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಆ ಮನೆಯವರೇ. ಅವರ ನಂಬರ್ ನಿನ್ನ ಫೋನಿನಲ್ಲಿ ಇದೆಯಾ? ಇಲ್ಲದಿದ್ದರೆ ಇವತ್ತೇ ಹೋಗಿ ತಗೋ. ಮುಂದಿನ ವಾರ ಅವರ ಮನೆಯಲ್ಲಿ ಕೆಂದುರಿ, ಕರೆದಿದ್ದಾರೆ, ಹೋಗಲ್ಲ ಅಂತ ಬರೆದಿದ್ದೀಯ. ಹೋಗು ಮಗಳೇ. ಹಿಂದಿನ ದಿನವೇ ಹೋಗಿ ಈರುಳ್ಳಿ ಸುಲಿಯುವವರ ಜೊತೆ ಸ್ವಲ್ಪ ಹೊತ್ತು ಕೂತುಕೋ. ಚಾಪೆಯ ಮೇಲೆ ಕೂರಲು ಕಷ್ಟವಾದರೆ ಕುರ್ಚಿ ಕೇಳು, ಕೊಡುತ್ತಾರೆ.

ನಿನ್ನಮ್ಮನಿಗೆ ಹೇಳುವುದಿಲ್ಲ. ಆದರೆ ಆ ಮನೆಗೆ ಹೋಗಿ ಬಂದ ದಿನ ನನಗೆ ಫೋನ್ ಮಾಡು. ನಿಮ್ಮ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನೀನು ಎದ್ದ ಕೂಡಲೇ ಮಾಡಿದರೂ ಪರವಾಗಿಲ್ಲ, ನನಗೆ ಆ ಹೊತ್ತಿಗೆ ಎಚ್ಚರ ಇರುತ್ತದೆ.

ಇಂತಿ ನಿನ್ನ
ದೊಡ್ಡಜ್ಜಿ