ರಕ್ತದೊತ್ತಡದ ಜೊತೆಗೆ ಕೈಹಿಡಿತವನ್ನೂ ಅಳೆಯಿರಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಬಡಾವಣೆಯ ಸಭಾಭವನವೊಂದರಲ್ಲಿ ಹಿರಿಯ ನಾಗರಿಕರಿಗಾಗಿ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆಯಿತು. ರಕ್ತದೊತ್ತಡ, ಸಕ್ಕರೆ, ತೂಕ, ಕಣ್ಣು ಎಲ್ಲವನ್ನೂ ನೋಡಿದರು; ಕುಡಿಯಲು ಬಿಸಿ ಕಷಾಯವನ್ನೂ ಕೊಟ್ಟರು. ವ್ಯವಸ್ಥೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಒಂದು ವರ್ಷದಿಂದ ಕೈಯಲ್ಲಿ ತ್ರಾಣ ಕಡಿಮೆಯಾಗಿದೆ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗುವುದಿಲ್ಲ, ಒದ್ದೆ ಹೊದಿಕೆಯನ್ನು ಹಿಂಡಲಾಗುವುದಿಲ್ಲ ಎಂದು ನಾನು ಹೇಳಿದಾಗ, ಮೇಜಿನ ಆಚೆ ಕುಳಿತಿದ್ದ ಯುವ ವೈದ್ಯರು ಬರೆಯುತ್ತಿದ್ದ ಚೀಟಿಯಿಂದ ತಲೆಯೆತ್ತದೆ, "ಪ್ರಾಯ ಆಯಿತಲ್ಲ ಅಮ್ಮ, ಅದೆಲ್ಲ ಇದ್ದದ್ದೇ" ಎಂದು ಮುಂದಿನವರನ್ನು ಕರೆದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ರಕ್ತದೊತ್ತಡ ಏರುವುದು ಕೂಡ ಪ್ರಾಯದೊಂದಿಗೆ ಇದ್ದದ್ದೇ; ಅದನ್ನು ಮಾತ್ರ ಯಾರೂ ಹಾಗೆಂದು ಬಿಟ್ಟುಬಿಡುವುದಿಲ್ಲ, ಅಳೆಯುತ್ತಾರೆ, ಬರೆದಿಡುತ್ತಾರೆ, ಮಾತ್ರೆ ಕೊಡುತ್ತಾರೆ. ಕೈಯ ಬಲಕ್ಕೆ ಆ ಮರ್ಯಾದೆ ಏಕಿಲ್ಲ ಎಂಬುದೇ ಈ ಪತ್ರದ ವಿಷಯ.

ಅದೇ ವಾರ ಫಿಸಿಯೋಥೆರಪಿ ಓದುತ್ತಿರುವ ನಮ್ಮ ಸಂಬಂಧಿಕರ ಹುಡುಗಿ ಮನೆಗೆ ಬಂದವಳು, ನನ್ನ ದೂರನ್ನು ಕೇಳಿ, ಕೈಹಿಡಿತದ ಬಲವನ್ನು ಅಳೆಯುವ ಡೈನಮೋಮೀಟರ್ ಎಂಬ ಉಪಕರಣವನ್ನು ಮರುದಿನ ತಂದಳು. ನೋಡಲು ಸೈಕಲ್ಲಿನ ಬ್ರೇಕಿನ ಹಿಡಿಯಂತಿದೆ, ಮೇಲೊಂದು ಗಡಿಯಾರದಂಥ ಮುಖವಿದೆ. ಬೆನ್ನು ನೇರ ಮಾಡಿ ಕುರ್ಚಿಯಲ್ಲಿ ಕುಳಿತು, ತೋಳನ್ನು ಮೈಗೆ ತಾಗಿಸಿ, ಮೊಣಕೈಯನ್ನು ಲಂಬಕೋನದಲ್ಲಿ ಮಡಚಿ, ಒಮ್ಮೆಗೇ ಇದ್ದಷ್ಟೂ ಬಲ ಹಾಕಿ ಹಿಡಿಯನ್ನು ಅದುಮಬೇಕು. ನಡುವೆ ಬಿಡುವು ಕೊಟ್ಟು ಮೂರು ಸಲ. ಬಲಗೈಯಲ್ಲಿ ನನ್ನ ಅತ್ಯುತ್ತಮ ಅಂಕ 17 ಕಿಲೋ ಬಂತು, ಎಡಗೈಯಲ್ಲಿ 14. ರಜೆಗೆ ಬಂದಿದ್ದ 11 ವರ್ಷದ ಮೊಮ್ಮಗಳು ತನಗೂ ಬೇಕೆಂದು ಕಸಿದುಕೊಂಡು 18 ಒತ್ತಿ, ಅಜ್ಜಿಯನ್ನು ಸೋಲಿಸಿದೆನೆಂದು ಇಡೀ ಕೇರಿಗೆ ಸಾರಿ ಬಂದಳು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ, ಏರುವ ಗೆರೆಯೂ ಇಳಿಯುವ ಗೆರೆಯೂ ನಮ್ಮ ಚಾವಡಿಯಲ್ಲೇ ಒಂದನ್ನೊಂದು ದಾಟಿದ್ದು ಹೀಗೆ ಕಾಣಸಿಕ್ಕಿತು.

ಆ ಗೆರೆಯ ಪೂರ್ಣ ರೂಪವನ್ನು 2014ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದು ಬಿಡಿಸಿಟ್ಟಿದೆ. ಅಲ್ಲಿನ 12 ಅಧ್ಯಯನಗಳಲ್ಲಿ ಭಾಗವಹಿಸಿದ್ದ, 4 ವರ್ಷದ ಮಕ್ಕಳಿಂದ 90 ದಾಟಿದವರವರೆಗಿನ ಸುಮಾರು 50,000 ಜನರ ಕೈಬಲದ ಅಳತೆಗಳನ್ನು ಅದರಲ್ಲಿ ಒಟ್ಟುಗೂಡಿಸಿದ್ದಾರೆ. ಎಳವೆಯಲ್ಲಿ ಹುಡುಗ ಹುಡುಗಿಯರ ಬಲದಲ್ಲಿ ಹೆಚ್ಚಿನ ಅಂತರವಿರುವುದಿಲ್ಲ. ಹರೆಯ ಬಂದ ಮೇಲೆ ಹುಡುಗರ ಗೆರೆ ಸರ್ರನೆ ಮೇಲೇರುತ್ತದೆ. ಗಂಡಸರ ಬಲ 29ರಿಂದ 39ರ ಪ್ರಾಯದಲ್ಲಿ ಶಿಖರ ಮುಟ್ಟುತ್ತದೆ, ಅಲ್ಲಿ ಮಧ್ಯಮ ಮೌಲ್ಯ 51 ಕಿಲೋ. ಹೆಂಗಸರದು 26ರಿಂದ 42ರವರೆಗೆ, 31 ಕಿಲೋ. ಅನಂತರ ಕೆಲಕಾಲ ಸಮತಟ್ಟು, ನಡುವಯಸ್ಸಿನಿಂದ ಇಳಿಜಾರು. ಶಿಖರದ ಮಟ್ಟದಿಂದ ತೀರ ಕೆಳಗೆ ಬಿದ್ದವರನ್ನು ದುರ್ಬಲ ಹಿಡಿತದವರೆಂದು ಗುರುತಿಸಿದಾಗ, 80ರ ಪ್ರಾಯಕ್ಕೆ ಗಂಡಸರಲ್ಲಿ ಶೇಕಡಾ 23, ಹೆಂಗಸರಲ್ಲಿ ಶೇಕಡಾ 27 ಮಂದಿ ಆ ಸಾಲಿಗೆ ಸೇರಿದರು. ಹುಟ್ಟುವಾಗಿನ ತೂಕಕ್ಕೂ ಮುಂದಿನ ಕೈಬಲಕ್ಕೂ ನಂಟಿದೆ ಎಂಬುದನ್ನೂ ಬೇರೆ ಬೇರೆ ಅಧ್ಯಯನಗಳು ತೋರಿಸಿವೆ. ಅಂದರೆ ಬಸುರಿಯ ತಟ್ಟೆಗೆ ಬಿದ್ದದ್ದು ಎಪ್ಪತ್ತು ವರ್ಷಗಳ ಅನಂತರ ಮುಚ್ಚಳ ತೆರೆಯುವಾಗ ಲೆಕ್ಕಕ್ಕೆ ಬರಬಹುದು.

ಇಳಿಜಾರು ಏಕೆ ಎಂಬುದನ್ನೂ ಹೇಳಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಇದನ್ನು ಬೆರಳಿನ ಸಮಸ್ಯೆ ಎಂದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಬೆರಳುಗಳನ್ನು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂದೋಳಿನಲ್ಲಿ. ಮಣಿಕಟ್ಟಿನ ಮೂಲಕ ಹಾದುಬರುವ ಸ್ನಾಯುರಜ್ಜುಗಳು ಬೆರಳನ್ನು ಎಳೆಯುತ್ತವೆ. ಆ ಸ್ನಾಯುಗಳಿಗೆ ಆಜ್ಞೆ ಬರುವುದು ಬೆನ್ನುಹುರಿಯ ನರಕೋಶಗಳಿಂದ. ಪ್ರಾಯವಾದಂತೆ ಈ ನರಕೋಶಗಳು ಒಂದೊಂದಾಗಿ ನಶಿಸುತ್ತವೆ, ಅವುಗಳ ಆಸರೆಯಲ್ಲಿದ್ದ ಸ್ನಾಯುತಂತುಗಳಲ್ಲಿ ಕೆಲವನ್ನು ನೆರೆಯ ನರಗಳು ವಹಿಸಿಕೊಳ್ಳುತ್ತವೆ, ಉಳಿದವು ಸೊರಗಿ ಹೋಗುತ್ತವೆ. ಥಟ್ಟನೆ ಬಲ ಕೊಡುವ ವೇಗದ ತಂತುಗಳಿಗೇ ಹೆಚ್ಚಿನ ಪೆಟ್ಟು. ಇದು ಕೈಯಲ್ಲಿ ಮಾತ್ರ ಆಗುವುದಿಲ್ಲ, ತೊಡೆಯಲ್ಲೂ ಸೊಂಟದಲ್ಲೂ ಆಗುತ್ತಿರುತ್ತದೆ. ಕೈಯಲ್ಲಿ ಅಳೆಯುವುದು ಸುಲಭ, ಅಷ್ಟೇ. ತೂಕದ ಯಂತ್ರ ಇದನ್ನು ತಿಳಿಸುವುದಿಲ್ಲ, ಯಾಕೆಂದರೆ ಸ್ನಾಯು ಕರಗಿದ ಜಾಗದಲ್ಲಿ ಕೊಬ್ಬು ಬಂದು ಕುಳಿತರೆ ಮುಳ್ಳು ಅಲ್ಲೇ ನಿಂತಿರುತ್ತದೆ. ನನ್ನ ತೂಕ ಹತ್ತು ವರ್ಷದಿಂದ ಬದಲಾಗಿಲ್ಲವೆಂದು ನಾನೂ ಬೀಗುತ್ತಿದ್ದೆ.

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1,40,000 ಜನರನ್ನು ಒಳಗೊಂಡ ಪ್ಯೂರ್ ಅಧ್ಯಯನ ನನ್ನ ವಾದಕ್ಕೆ ದೊಡ್ಡ ಆಧಾರ. ಹಿಡಿತದ ಬಲ 5 ಕಿಲೋದಷ್ಟು ಕಡಿಮೆಯಿದ್ದಾಗಲೆಲ್ಲ ಯಾವುದೇ ಕಾರಣದಿಂದ ಸಾಯುವ ಅಪಾಯ ಶೇಕಡಾ 16ರಷ್ಟು ಹೆಚ್ಚಿರುವುದು ಅಲ್ಲಿ ಕಂಡುಬಂತು. ಸಾವನ್ನು ಮುಂದಾಗಿ ಸೂಚಿಸುವುದರಲ್ಲಿ ಕೈಹಿಡಿತವು ರಕ್ತದೊತ್ತಡದ ಮೇಲಿನ ಅಂಕಕ್ಕಿಂತಲೂ ಪ್ರಬಲವಾಗಿತ್ತು. ಇದರರ್ಥ ಕೈ ಸೋತವರು ಬೇಗ ಸಾಯುತ್ತಾರೆಂದಲ್ಲ. ಕೈಹಿಡಿತ ಒಂದು ಸೂಚಕ, ಕಾರಣವಲ್ಲ. ಆದ್ದರಿಂದಲೇ, ಇದನ್ನು ಓದಿ ಯಾರಾದರೂ ರಬ್ಬರ್ ಚೆಂಡು ತಂದು ಟಿ.ವಿ. ಮುಂದೆ ಕುಳಿತು ಅದುಮತೊಡಗಿದರೆ, ಅದು ಜ್ವರದ ಕಡ್ಡಿಯನ್ನು ತಣ್ಣೀರಿನಲ್ಲಿ ಅದ್ದಿ ಜ್ವರ ಇಳಿಯಿತೆಂದು ಸಮಾಧಾನಪಟ್ಟುಕೊಂಡ ಹಾಗಾದೀತು. ಅಂಕ ಸ್ವಲ್ಪ ಏರಬಹುದು, ತೊಡೆ ಹಾಗೇ ಇರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ನಮ್ಮ ಅಂಗಳಗಳಲ್ಲಿ ಜಾರಿದಾಗ ಮೈಯನ್ನು ಹಿಡಿದು ನಿಲ್ಲಿಸಬೇಕಾದದ್ದು ತೊಡೆಯೇ.

ಹಿಂದಿನವರಿಗೆ ಈ ಯಂತ್ರ ಬೇಕಿರಲಿಲ್ಲ ಎಂದು ಹೇಳುವವರಿದ್ದಾರೆ. ಅದರಲ್ಲಿ ಅರ್ಧ ನಿಜ ಇದೆ. ನನ್ನ ತಾಯಿಗೆ ಬಾವಿಯ ಹಗ್ಗವೇ ಡೈನಮೋಮೀಟರ್ ಆಗಿತ್ತು. ದಿನಕ್ಕೆ ಇಪ್ಪತ್ತು ಕೊಡಪಾನ ಸೇದುತ್ತಿದ್ದವರು, ಒಂದು ಬೇಸಗೆಯಲ್ಲಿ ನೀರು ಆಳಕ್ಕಿಳಿದಾಗ, ಕೊಡಪಾನ ಅರ್ಧ ದಾರಿ ಬರುವಷ್ಟರಲ್ಲಿ ಹಗ್ಗವನ್ನು ಕಾಲಿನಡಿ ಒತ್ತಿ ಹಿಡಿದು ದಣಿವಾರಿಸಿಕೊಳ್ಳತೊಡಗಿದರು. ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು, ಅಮ್ಮನ ಕೈ ಸೋಲುತ್ತಿದೆ ಎಂದು. ಕಡೆಯುವ ಕಲ್ಲು, ಕಾಯಿ ಹೆರೆಯುವ ಮಣೆ, ಅಡಿಕೆ ಸುಲಿಯುವ ಕತ್ತಿ ಎಲ್ಲವೂ ಹೀಗೆ ಸುದ್ದಿ ಹೇಳುತ್ತಿದ್ದವು. ಈಗ ಪಂಪು, ಮಿಕ್ಸಿ, ಪ್ಯಾಕೆಟಿನ ಕಾಯಿತುರಿ. ಅವು ಬೇಡವೆನ್ನುವಷ್ಟು ಕೃತಘ್ನಳು ನಾನಲ್ಲ, ಆ ಹಗ್ಗದ ಗುಳ್ಳೆಗಳು ನನ್ನ ಅಂಗೈಯಲ್ಲೂ ಇದ್ದವು. ಆದರೆ ಕೈಬಲ ಇಳಿಯುವ ಸುದ್ದಿ ನಮಗೆ ಈಗ ತಡವಾಗಿ ತಲಪುತ್ತದೆ: ಸಿಟಿ ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವಾಗ ಬಾಗಿಲಿನ ಸರಳಿನಿಂದ ಕೈ ಜಾರಿದ ದಿನ, ಅಥವಾ ಬಚ್ಚಲಿನಲ್ಲಿ ಬಿದ್ದ ದಿನ. ಮಕ್ಕಳೆಲ್ಲ ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿದ್ದು ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ಉಡುಪಿ, ಮಂಗಳೂರಿನಲ್ಲಿ ಎಷ್ಟಿವೆ ಎಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಅಳತೆಗೋಲಿನ ವಿಷಯದಲ್ಲಿ ಒಂದು ತೊಡಕಿದೆ. ಸ್ನಾಯುಕ್ಷಯವನ್ನು ಗುರುತಿಸಲು ಯುರೋಪಿನ ತಜ್ಞರ ಗುಂಪು ಗಂಡಸರಿಗೆ 27, ಹೆಂಗಸರಿಗೆ 16 ಕಿಲೋ ಎಂದು ಗೆರೆ ಎಳೆದಿದೆ. ಅದಕ್ಕಿಂತ ಕಡಿಮೆಯಾದರೆ ದುರ್ಬಲ. ಏಷ್ಯಾದ ತಜ್ಞರ ಗುಂಪು 2019ರಲ್ಲಿ 28 ಮತ್ತು 18 ಎಂದಿತು. 17 ಒತ್ತಿದ ನಾನು ಯುರೋಪಿನ ಪರೀಕ್ಷೆಯಲ್ಲಿ ಪಾಸು, ಏಷ್ಯಾದ ಪರೀಕ್ಷೆಯಲ್ಲಿ ಫೇಲು! ಹಾಗೆ ನೋಡಿದರೆ ದಕ್ಷಿಣ ಏಷ್ಯಾದವರ ಕೈಬಲ ಎಲ್ಲ ಪ್ರಾಯಗಳಲ್ಲೂ ಯುರೋಪಿನವರಿಗಿಂತ ಕಡಿಮೆಯೆಂದು ಪ್ಯೂರ್ ಅಧ್ಯಯನದ ಅಂಕಿಗಳೇ ತೋರಿಸಿವೆ. ಹಾಗಾಗಿ ಒಂದೇ ಸಲದ ಅಂಕಕ್ಕಿಂತ, ಅದೇ ವ್ಯಕ್ತಿಯ ಅಂಕ ವರ್ಷದಿಂದ ವರ್ಷಕ್ಕೆ ಹೇಗೆ ಸಾಗುತ್ತಿದೆ ಎಂಬುದೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ, ಮತ್ತು ಅದಕ್ಕಾಗಿ 50ರ ಪ್ರಾಯದಲ್ಲೇ ಮೊದಲ ಅಂಕ ದಾಖಲಾಗಬೇಕು. ನನ್ನ 50ರ ಅಂಕ ಎಷ್ಟಿತ್ತೆಂಬುದು ಎಲ್ಲೂ ದಾಖಲಾಗಿಲ್ಲ. 17 ಎಂಬುದು ನಿಧಾನವಾದ ಇಳಿಕೆಯೋ ದಿಢೀರ್ ಕುಸಿತವೋ ಎಂದು ಈಗ ಯಾರಿಗೂ ಹೇಳಲಾಗದು. ಹೆಬ್ಬೆರಳ ಬುಡದ ಸಂಧಿವಾತ, ಮಣಿಕಟ್ಟಿನಲ್ಲಿ ನರ ಒತ್ತಿಹೋಗುವುದು, ಸಕ್ಕರೆ ಕಾಯಿಲೆ ಇವೂ ಹಿಡಿತವನ್ನು ಕುಗ್ಗಿಸುವುದರಿಂದ ಕಾರಣವನ್ನು ವೈದ್ಯರೇ ನೋಡಬೇಕು. ಒಂದೇ ಕೈ ಒಮ್ಮಿಂದೊಮ್ಮೆಗೆ ಬಲಗುಂದಿದರೆ ಅದು ಪಾರ್ಶ್ವವಾಯುವಿನ ಲಕ್ಷಣವಿರಬಹುದು, ಶಿಬಿರಕ್ಕೆ ಕಾಯದೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಬೇಕು.

ಅಳೆದು ಮಾಡುವುದೇನು ಎಂಬ ಪ್ರಶ್ನೆಗೆ ಉತ್ತರ 1990ರಷ್ಟು ಹಳೆಯದು. ಬಾಸ್ಟನ್ನಿನ ವೃದ್ಧಾಲಯವೊಂದರಲ್ಲಿ ಸರಾಸರಿ 90 ವರ್ಷದ, ಮೈಯಲ್ಲಿ ಶಕ್ತಿಯಿಲ್ಲದ ಹತ್ತು ಮಂದಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದಾಗ, ಪೂರ್ಣಗೊಳಿಸಿದವರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. 90ರಲ್ಲೂ ಸ್ನಾಯು ಮಾತು ಕೇಳುತ್ತದೆ ಎಂದಾಯಿತು. ಬರೀ ಗಂಜಿ ಉಪ್ಪಿನಕಾಯಿಯಲ್ಲಿ ರಾತ್ರಿ ಮುಗಿಸುವ ನಮ್ಮ ಹಿರಿಯರ ಊಟದಲ್ಲಿ ಮೀನು, ಮೊಟ್ಟೆ, ಬೇಳೆ, ಹೆಸರುಕಾಳು ಹೆಚ್ಚಬೇಕು ಎಂಬುದನ್ನೂ ಸೇರಿಸುತ್ತೇನೆ. ನಾನೀಗ ವಾರಕ್ಕೆ ಮೂರು ದಿನ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ, ನೀರು ತುಂಬಿದ ಎರಡು ಕ್ಯಾನುಗಳನ್ನು ಹಿಡಿದು ಜಗಲಿಯಲ್ಲಿ ನಡೆಯುವುದನ್ನೂ ಮಾಡುತ್ತಿದ್ದೇನೆ. ಮನೆಯವರು ನಗುತ್ತಾರೆ.

ನನ್ನ ಕೋರಿಕೆ ಸಣ್ಣದು. ಕೇಂದ್ರ ಸರಕಾರ 2017–18ರಲ್ಲಿ ನಡೆಸಿದ ವೃದ್ಧಾಪ್ಯ ಸಮೀಕ್ಷೆಯಲ್ಲಿ 45 ದಾಟಿದವರ ಕೈಹಿಡಿತವನ್ನು ಇದೇ ಬಗೆಯ ಉಪಕರಣದಿಂದ ಅಳೆಯಲಾಗಿತ್ತು. 72,000ಕ್ಕೂ ಹೆಚ್ಚು ಜನರ ಸಮೀಕ್ಷೆ ಅದು. ವರದಿಗಾಗಿ ಅಳೆಯಬಹುದಾದದ್ದನ್ನು ಮನುಷ್ಯರಿಗಾಗಿಯೂ ಅಳೆಯಬಹುದು. ಈಗಾಗಲೇ ಹೊರೆ ಹೊತ್ತು ಬಳಲಿರುವ ಆಶಾ ಕಾರ್ಯಕರ್ತೆಯರ ಹೆಗಲಿಗೆ ಇದನ್ನೂ ಏರಿಸುವುದು ಬೇಡ. ಮಂಗಳೂರು, ಮಣಿಪಾಲಗಳಲ್ಲಿ ಫಿಸಿಯೋಥೆರಪಿ ಕಲಿಯುವ ನೂರಾರು ವಿದ್ಯಾರ್ಥಿಗಳಿದ್ದಾರೆ. ತಾಲೂಕಿಗೊಂದೆರಡು ಉಪಕರಣ ಕೊಟ್ಟರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಶಿಬಿರಗಳಿಗೂ ಸರದಿಯಂತೆ ಹೋಗಿ ಅಳೆಯಬಲ್ಲರು, ಒಬ್ಬರಿಗೆ ಐದು ನಿಮಿಷವೂ ಹಿಡಿಯದು. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಆರೋಗ್ಯ ಇಲಾಖೆಗಳು ಬರುವ ಅಕ್ಟೋಬರ್ 1ರ ಹಿರಿಯರ ದಿನದ ಶಿಬಿರಗಳಿಂದಲೇ ಇದನ್ನು ಆರಂಭಿಸಲಿ, ಶಿಬಿರದ ಚೀಟಿಯಲ್ಲಿ ಬಿ.ಪಿ., ಶುಗರ್ ಎಂಬ ಸಾಲುಗಳ ಕೆಳಗೆ 'ಕೈಹಿಡಿತ: ಬಲ, ಎಡ' ಎಂದು ಇನ್ನೊಂದು ಸಾಲನ್ನು ಮುದ್ರಿಸಲಿ ಎಂದು ಕೇಳಿಕೊಳ್ಳುತ್ತೇನೆ.

ಇತಿ,
ನಿವೃತ್ತ ಪ್ರೌಢಶಾಲಾ ಅಧ್ಯಾಪಕಿ,
ಉಡುಪಿ