ಭಾನುವಾರ ವಕೀಲ ಮೇಡಂ ಸಿಗುತ್ತಾರೆ, ಕಾಗದಪತ್ರ ತನ್ನಿ

ಎಲ್ಲರಿಗೂ ನಮಸ್ಕಾರ.

ನಮ್ಮ ಮೂರನೇ ಕ್ರಾಸಿನ ವಕೀಲ ಮೇಡಂ ಈ ಭಾನುವಾರ ಬೆಳಿಗ್ಗೆ 10ಕ್ಕೆ ಸಂಘದ ಹಾಲ್‌ಗೆ ಬರುತ್ತಾರೆ. ಫೀಸ್ ಇಲ್ಲ.

ಸಾಲದಲ್ಲಿ ಸಿಕ್ಕಿಕೊಂಡ ಕಂಪನಿಗಳನ್ನು ಮತ್ತೆ ಹಳಿಗೆ ತರುವ ಕೇಸುಗಳೇ ಅವರ ಕಸುಬು. 2016ರಲ್ಲಿ ದಿವಾಳಿ ಸಂಹಿತೆ (ದಿವಾಳಿ ಕಾನೂನು) ಬಂದಾಗಿನಿಂದ ಬೆಂಗಳೂರಿನ ಎನ್‌ಸಿಎಲ್‌ಟಿಯಲ್ಲಿ, ಅಂದರೆ ಕಂಪನಿ ಕೇಸು ನಡೆಸುವ ನ್ಯಾಯಮಂಡಳಿಯಲ್ಲಿ, ವಾದ ಮಾಡುತ್ತಿದ್ದಾರೆ. ವಾರವೆಲ್ಲ ಬ್ಯಾಂಕು, ದೊಡ್ಡ ಕಂಪನಿಗಳ ಫೈಲು. ರಜೆ ದಿನ ನಮ್ಮಂಥವರಿಗೆ. ಇದು ಸಣ್ಣ ಮಾತಲ್ಲ, ಅಲ್ವಾ?

ಹೋದ ಸಲ ಕಾರ್ಖಾನೆ ಮುಚ್ಚಿ ಸಂಬಳ ನಿಂತುಹೋದ ಫಿಟ್ಟರ್ ಒಬ್ಬರು ಬಂದಿದ್ದರು. ಮೇಡಂ ಆ ಕಂಪನಿಯ ದಿವಾಳಿ ಕೇಸಿನ ಬಗ್ಗೆ ಪೇಪರಿನಲ್ಲಿ ಬಂದ ಪ್ರಕಟಣೆ ಬಿಡಿಸಿ, ಕ್ಲೇಮ್ (ಬಾಕಿ ಕೇಳುವ ಅರ್ಜಿ) ಹಾಕುವ ಕೊನೆಯ ದಿನಾಂಕಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಸಂಬಳದ ಚೀಟಿಗಳನ್ನು ತಿಂಗಳ ಪ್ರಕಾರ ಜೋಡಿಸಿ, ಅಲ್ಲೇ ಅರ್ಜಿ ತುಂಬಿಸಿದರು. ಪಿಎಫ್, ಗ್ರಾಚ್ಯುಟಿ ಬಗ್ಗೆಯೂ ಬೇರೆಯಾಗಿ ಕೂತು ಹೇಳಿದರು.

ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟಿರುವವರು ತಪ್ಪದೆ ಬನ್ನಿ. 2020ರಿಂದ, ಕೊಡಬೇಕಾದ ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇಲ್ಲದೆ ಒಂದು ಕಂಪನಿಯ ಮೇಲೆ ದಿವಾಳಿ ಕೇಸು ಹೂಡಲು ಆಗುವುದಿಲ್ಲ. ಆದರೆ ಕೇಸು ಆಗಲೇ ನಡೆಯುತ್ತಿದ್ದರೆ ನಿಮ್ಮ ಬಾಕಿ ಎಷ್ಟೇ ಕಮ್ಮಿ ಇರಲಿ, ಕ್ಲೇಮ್ ಹಾಕಬಹುದು. ಇದು ಗೊತ್ತಿಲ್ಲದೆ ಸುಮ್ನೆ ಕೂತವರು ಜಾಸ್ತಿ. ಫ್ಲ್ಯಾಟ್‌ಗೆ ದುಡ್ಡು ಕಟ್ಟಿ ಕಾಯುತ್ತಿರುವವರೂ ಬನ್ನಿ. 2018ರ ತಿದ್ದುಪಡಿ ನಿಮ್ಮನ್ನೂ ಹಣಕಾಸು ಸಾಲಗಾರರ ಸಾಲಿಗೆ, ಅಂದರೆ ಸಾಲ ಕೊಟ್ಟವರ ಜೊತೆಗೆ ಸೇರಿಸಿದೆ.

ಬಿಲ್, ಒಪ್ಪಂದ, ಬ್ಯಾಂಕ್ ಸ್ಟೇಟ್‌ಮೆಂಟ್ ಜೆರಾಕ್ಸ್ ತನ್ನಿ. ಅವುಗಳ ಫೋಟೋ ದಯವಿಟ್ಟು ಗ್ರೂಪಿಗೆ ಹಾಕಬೇಡಿ. ಬರುವವರು ಶುಕ್ರವಾರದೊಳಗೆ ಇಲ್ಲಿ ಹೆಸರು ಬರೆಯಿರಿ.